ಹನ್ನೆರಡು ಮೈಲಿಯ ಮಾತು

ಧಾರವಾಡದಿಂದ ಹುಬ್ಬಳ್ಳಿಗೆ ಹನ್ನೆರಡು ಮೈಲಿ. ಕಿಲೋಮೀಟರಿನಲ್ಲಿ ಲೆಕ್ಕ ಹೇಳುವವರು ಇಪ್ಪತ್ತು ಎನ್ನುತ್ತಾರೆ. ಒಂದು ಊರಿನಲ್ಲಿ ಮಳೆ ಹಿಡಿದು ಕೂತಾಗ ಇನ್ನೊಂದು ಊರಿನಲ್ಲಿ ಬಿಸಿಲು ಕಾಯುತ್ತಿರುವುದುಂಟು. ಒಂದು ಊರು ವ್ಯಾಪಾರಕ್ಕೆ ಹೆಸರಾಗಿದ್ದರೆ ಇನ್ನೊಂದು ಪೇಢೆಗೆ, ಪಾಠಕ್ಕೆ, ಹಾಡಿಕೆಗೆ ಹೆಸರಾಗಿದೆ. ಇಂಥ ಭಿನ್ನರುಚಿಯ ಊರುಗಳೆರಡನ್ನೂ 1962ರಲ್ಲಿ ಒಂದೇ ಮಹಾನಗರಪಾಲಿಕೆಯ ಆಡಳಿತಕ್ಕೆ ತಂದರು. ಅದರಿಂದ ಊರುಗಳ ಮನಸ್ಸು ಒಂದಾಯಿತೋ ಇಲ್ಲವೋ ಎಂಬುದನ್ನು ಉಭಯ ಊರುಗಳ ಹಿರಿಯರು ಇಂದಿಗೂ ಚರ್ಚಿಸುತ್ತಿರುತ್ತಾರೆ. ಟೆಲಿಫೋನಿನ ದೃಷ್ಟಿಯಲ್ಲಿ ಮಾತ್ರ ಇವು ಒಂದೇ ಊರು. ಪರಊರಿನಿಂದ ಕರೆಯುವವರು ಎರಡಕ್ಕೂ 0836 ಎಂಬ ಒಂದೇ ಸಂಖ್ಯೆಯ ಬಾಗಿಲನ್ನು ತಟ್ಟಬೇಕು.

ಈ ಹನ್ನೆರಡು ಮೈಲಿಯನ್ನು ಜನ ಹೇಗೆ ದಾಟುತ್ತಾರೆಂಬುದು ಎಲ್ಲರಿಗೂ ಗೊತ್ತು. ಮಾತು ಹೇಗೆ ದಾಟುತ್ತದೆಂದು ವಿಚಾರಿಸಿದವರು ವಿರಳ. ಮಾತು ನಡೆಯುವ ದಾರಿ ಇಲ್ಲಿ ಹಲವು ಬಾರಿ ಬದಲಾಗಿದೆ. ಕೊನೆಯ ಬದಲಾವಣೆ ಇನ್ನೂ ಮುಗಿದಿಲ್ಲ. ಹಿಂದಿನ ಬದಲಾವಣೆಗಳೆಲ್ಲ ದಾರಿಯನ್ನು ಮಾತ್ರ ಬದಲಿಸಿದವು. ಕೊನೆಯದು ಮಾತಿನ ಹೊತ್ತನ್ನೇ ಕದಲಿಸಿದೆ.

ಪಯಣವನ್ನು ಧಾರವಾಡದ ಕರ್ನಾಟಕ ಕಾಲೇಜಿನಿಂದಲೇ ಆರಂಭಿಸುವುದು ಲೇಸು. 1917ರಲ್ಲಿ ಹುಟ್ಟಿದ ಈ ಕಾಲೇಜಿನ ಭವ್ಯವಾದ ಕಲ್ಲಿನ ಕಟ್ಟಡವನ್ನು ನೋಡಿ ತಲೆದೂಗುವ ಪ್ರವಾಸಿಗರಲ್ಲಿ ಎಷ್ಟೋ ಜನರಿಗೆ ಅದು ಮೊದಲು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಮುಖ್ಯ ಕಚೇರಿಯಾಗಿತ್ತೆಂಬುದು ತಿಳಿದಿರುವುದಿಲ್ಲ. 1882ರಲ್ಲಿ ಸ್ಥಾಪನೆಯಾದ ಆ ಕಂಪನಿ ಬರಪೀಡಿತ ಬಯಲುನಾಡಿನಲ್ಲಿ ಮೀಟರ್ ಗೇಜ್ ಹಳಿಗಳನ್ನು ಹಾಸಿತು. 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ಕೂಡಿಕೊಂಡಿತು. ಹಳಿ ಹೋದಲ್ಲೆಲ್ಲ ಅದರ ಮಗ್ಗುಲಿಗೆ ತಂತಿಯ ಕಂಬಗಳೂ ಹೋದವು. ಗಾಡಿ ಹೊರಟಿತೆಂಬ ಸುದ್ದಿ ಗಾಡಿಗಿಂತ ಮೊದಲೇ ಮುಂದಿನ ಸ್ಟೇಶನ್ನನ್ನು ಮುಟ್ಟಬೇಕಾದುದು ರೈಲಿನ ಪ್ರಾಣರಕ್ಷಣೆಯ ಮೊದಲ ಸೂತ್ರ. ಆದುದರಿಂದ ಈ ಸೀಮೆಯಲ್ಲಿ ದೂರದ ಮಾತೆಂಬುದು ಹರಟೆಗಾಗಿ ಬಂದುದಲ್ಲ. ಎರಡು ಗಾಡಿಗಳು ಎದುರುಬದುರಾಗಿ ಡಿಕ್ಕಿ ಹೊಡೆಯದಿರಲೆಂದು ಬಂದುದು.

ಧಾರವಾಡವನ್ನು ಬಿಡುವ ಮೊದಲು ಉತ್ತರಕ್ಕೆ, ಬೆಳಗಾವಿಯ ಹೆದ್ದಾರಿಯಲ್ಲಿ, ಸ್ವಲ್ಪ ಹಿಂದೆ ಹೋಗಿ ಬರಬೇಕಾಗಿದೆ. ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಕಿತ್ತೂರು. ಚೆನ್ನಮ್ಮರಾಣಿಯ ಹಾಳುಗೋಟೆಯನ್ನು ಕಂಡು ಕಣ್ಣೀರು ಮಿಡಿದು ಹಿಂದಿರುಗುವವರು ಆ ಊರಿಗೆ ಇನ್ನೊಂದು ಕೀರ್ತಿಯೂ ಉಂಟೆಂಬುದನ್ನು ನೆನೆಯುವುದಿಲ್ಲ. 1984ರಲ್ಲಿ ಸರ್ಕಾರ ಸಿ-ಡಾಟ್ ಎಂಬ ಸಂಶೋಧನ ಸಂಸ್ಥೆಯನ್ನು ತೆರೆಯಿತು. ಸ್ಯಾಮ್ ಪಿತ್ರೋಡಾ ಅವರ ಹುಮ್ಮಸ್ಸಿನಲ್ಲಿ ಅಲ್ಲಿಯ ತರುಣ ಇಂಜಿನಿಯರುಗಳು ಹಳ್ಳಿಗಳಿಗೆಂದೇ ಒಂದು ಚಿಕ್ಕ ಟೆಲಿಫೋನ್ ಎಕ್ಸ್‌ಚೇಂಜನ್ನು ರೂಪಿಸಿದರು. 128 ತಂತಿಗಳ ಆ ಪೆಟ್ಟಿಗೆ 1986ರಲ್ಲಿ ಮೊತ್ತಮೊದಲು ಕಾರ್ಯಾರಂಭ ಮಾಡಿದ್ದು ಕಿತ್ತೂರಿನಲ್ಲಿ. ಧೂಳಿಗೆ ಹೆದರದೆ, ಬಿಸಿಲಿಗೆ ಬಾಡದೆ, ತಂಪುಗಾಳಿಯ ಯಂತ್ರವನ್ನು ಬೇಡದೆ ಅದು ದುಡಿಯಿತು. ಪರದೇಶದ ಯಂತ್ರಗಳಿಗೆ ಇಲ್ಲದ ಈ ಬಡತನದ ಗುಣದಿಂದಲೇ ಅದು ದೇಶದ ಸಾವಿರಾರು ಹಳ್ಳಿಗಳನ್ನು ಹೊಕ್ಕಿತು.

ಆ ಪೆಟ್ಟಿಗೆ ಮಾಡಿದ ಕೆಲಸವನ್ನು ತುಸು ಬಿಡಿಸಿ ನೋಡಬೇಕು. ಮುಂದಿನ ಕತೆಯೆಲ್ಲ ಅದರ ಮೇಲೆಯೇ ನಿಂತಿದೆ.

ಹಳೆಯ ತಂತಿಯಲ್ಲಿ ಮನುಷ್ಯನ ದನಿ ಅಲೆಯಲೆಯಾಗಿ, ಇದ್ದ ಹಾಗೆಯೇ ಹರಿಯುತ್ತಿತ್ತು. ಹೊಸ ಯಂತ್ರ ಹಾಗಲ್ಲ. ಅದು ಪ್ರತಿ ಸೆಕೆಂಡಿಗೆ 8,000 ಬಾರಿ ದನಿಯ ಎತ್ತರವನ್ನು ಅಳೆಯುತ್ತದೆ. ಪ್ರತಿಯೊಂದು ಅಳತೆಯನ್ನೂ ಸೊನ್ನೆ-ಒಂದುಗಳ 8 ಅಂಕಿಗಳಲ್ಲಿ ಬರೆಯುತ್ತದೆ. ಹೀಗಾಗಿ ಒಬ್ಬ ಮನುಷ್ಯನ ಮಾತು ಸೆಕೆಂಡಿಗೆ 64,000 ಅಂಕಿಗಳ ಸಾಲಾಗುತ್ತದೆ. ಒಂದು ಅಳತೆಗೂ ಇನ್ನೊಂದು ಅಳತೆಗೂ ನಡುವೆ 125 ಮೈಕ್ರೋಸೆಕೆಂಡುಗಳ ಬಿಡುವು. ಆ ಬಿಡುವಿನಲ್ಲಿ ಯಂತ್ರ ಸುಮ್ಮನಿರದೆ ಉಳಿದವರ ಅಳತೆಗಳನ್ನೂ ಒಂದರ ಹಿಂದೊಂದು ಅದೇ ತಂತಿಗೆ ಏರಿಸುತ್ತದೆ. ಇಂಥ 32 ಮನೆಗಳ ಒಂದು ಸಾಲಿಗೆ ಇಂಜಿನಿಯರುಗಳು ಇ-ಒನ್ ಎಂದು ಹೆಸರಿಟ್ಟಿದ್ದಾರೆ. ಮೊದಲನೆಯ ಮನೆ ಸಾಲಿನ ತಲೆಯನ್ನು ಗುರುತಿಸುವುದಕ್ಕೆ. ಇನ್ನೊಂದು ಮನೆ, ಗಂಟೆ ಬಾರಿಸು, ಕರೆ ಮುಗಿಯಿತು ಎಂಬಂಥ ಸಂಜ್ಞೆಗಳಿಗೆ. ಉಳಿದ 30 ಮನೆಗಳಲ್ಲಿ 30 ಮಾತುಗಾರರು. ಎಲ್ಲ ಕೂಡಿ ಸೆಕೆಂಡಿಗೆ 20,48,000 ಅಂಕಿಗಳು.

ಇಲ್ಲಿಯ ಸೊಗಸು ಏನೆಂದರೆ, ಯಾವ ಮಾತಿನ ಮೇಲೂ ವಿಳಾಸ ಬರೆದಿರುವುದಿಲ್ಲ. ಏಳನೆಯ ಮನೆಯಲ್ಲಿ ಬಂದುದು ಯಾರ ಮಾತೆಂಬುದು ಅದು ಬಂದ ಹೊತ್ತಿನಿಂದಲೇ ತಿಳಿಯುತ್ತದೆ. ಹೊತ್ತೇ ವಿಳಾಸ. ಆ ಮನೆಯ ಒಡೆಯ ಮಾತಾಡಲಿ, ಕೆಮ್ಮಲಿ, ಬಾಯಿ ಮುಚ್ಚಿಕೊಂಡು ಕೂತಿರಲಿ, ಕರೆ ಮುಗಿಯುವ ತನಕ ಆ ಮನೆ ಅವನದೇ. ಇದಕ್ಕೆ ಸರ್ಕಿಟ್ ಪದ್ಧತಿಯೆಂದು ಹೆಸರು. 1960ರಲ್ಲಿ ಕಾನಪುರ-ಲಖನೌಗಳ ನಡುವೆ ದೇಶದ ಮೊದಲ ಎಸ್‌ಟಿಡಿ ಕರೆ ನಡೆದಾಗಲೂ, ಹುಬ್ಬಳ್ಳಿಯ ಅಡತಿಯವರು ಮುಂಬಯಿಯ ಹತ್ತಿಯ ದರ ಕೇಳಲು ಟ್ರಂಕ್ ಕಾಲ್ ಕಾದಿರಿಸಿ ಗಂಟೆಗಟ್ಟಲೆ ಕೂಡುತ್ತಿದ್ದಾಗಲೂ ನಿಯಮ ಇದೇ ಆಗಿತ್ತು: ಈ ತುದಿಯಿಂದ ಆ ತುದಿಯವರೆಗೆ ದಾರಿಯನ್ನು ಒಬ್ಬನಿಗಾಗಿ ಕಾದಿರಿಸುವುದು.

ಚಿಗರಿಯ ದಾರಿ

ಧಾರವಾಡದ ಜ್ಯುಬಿಲಿ ಸರ್ಕಲ್ಲಿನಲ್ಲಿ ನಿಂತವನಿಗೆ ಈ ಕಾದಿರಿಸಿದ ದಾರಿಯನ್ನು ಕಣ್ಣಾರೆ ಕಾಣುವ ಭಾಗ್ಯವುಂಟು. 2018ರಲ್ಲಿ ಎರಡು ಊರುಗಳ ನಡುವೆ ಚಿಗರಿ ಎಂಬ ಬಸ್ಸುಗಳು ಓಡತೊಡಗಿದವು. ಹೆದ್ದಾರಿಯ ನಟ್ಟನಡುವೆ ಅವಕ್ಕೆಂದೇ ಕಟ್ಟೆ ಕಟ್ಟಿದ ಪ್ರತ್ಯೇಕ ಹಾದಿ. ಇಕ್ಕೆಲಗಳಲ್ಲಿ ಲಾರಿ, ಟೆಂಪೊ, ಮೋಟರ್ ಸೈಕಲ್ಲು, ಆಟೋರಿಕ್ಷಾ, ಕೆಲವೊಮ್ಮೆ ಎಮ್ಮೆಗಳ ಹಿಂಡಿಗೆ ಬಿಟ್ಟ ಸಾಮಾನ್ಯ ಹಾದಿ. ಚಿಗರಿಯಲ್ಲಿ ಕೂತವನು ಮುಂದಿನ ನಿಲ್ದಾಣಕ್ಕೆ ಎಷ್ಟು ನಿಮಿಷವೆಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಲ್ಲ. ಪಕ್ಕದ ಹಾದಿಯಲ್ಲಿ ಹೋಗುವವನು ಹೇಳಲಾರ.

ಆದರೆ ಪಕ್ಕದ ಹಾದಿಯವನಿಗೂ ಒಂದು ದೂರುಂಟು. ಅದು ಅನ್ಯಾಯದ ದೂರಲ್ಲ. ಒಂದು ಚಿಗರಿ ಹೋಗಿ ಇನ್ನೊಂದು ಬರುವ ತನಕ ನಡುವಿನ ಹಾದಿ ಬರಿದೇ ಬಿದ್ದಿರುತ್ತದೆ. ಇಲ್ಲಿ ನೋಡಿದರೆ ಬಂಡಿಗೆ ಬಂಡಿ ತಾಗುತ್ತಿದೆ. ಆ ಹಾದಿಯನ್ನೂ ಎಲ್ಲರಿಗೆ ಬಿಟ್ಟುಕೊಡಬಾರದೇಕೆ?

ಟೆಲಿಫೋನಿನ ಲೋಕದಲ್ಲಿ ಇದೇ ದೂರು ಎದ್ದಿತು. ಅಲ್ಲಿ ದೂರು ಹೇಳಿದವರೇ ಗೆದ್ದರು. ಇಬ್ಬರು ಮಾತಾಡುವಾಗ ಒಬ್ಬ ಆಡುತ್ತಾನೆ, ಇನ್ನೊಬ್ಬ ಕೇಳುತ್ತಾನೆ. ಕಾದಿರಿಸಿದ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಮೌನವೇ ಸಂಚರಿಸುತ್ತದೆ. ಕಂಪ್ಯೂಟರುಗಳ ಮಾತಾದರೆ ಒಂದು ಗಳಿಗೆ ಪ್ರವಾಹ, ಮತ್ತೊಂದು ಗಳಿಗೆ ಬರಗಾಲ. ಅವಕ್ಕಾಗಿ ದಾರಿ ಕಾದಿರಿಸುವುದು ದುಂದು. ಆದುದರಿಂದ ಅಂಕಿಗಳನ್ನು ಪೊಟ್ಟಣ ಕಟ್ಟಿ, ಪ್ರತಿ ಪೊಟ್ಟಣದ ಮೇಲೂ ವಿಳಾಸ ಬರೆದು, ಸಾಮಾನ್ಯ ಹಾದಿಗೆ ಬಿಡುವ ಪದ್ಧತಿ ಬಂದಿತು. 1973ರಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪ್ರಯೋಗಶಾಲೆಯಲ್ಲಿ ರಾಬರ್ಟ್ ಮೆಟ್ಕಾಫ್ ಮತ್ತು ಸಂಗಡಿಗರು ರೂಪಿಸಿದ ಈಥರ್‌ನೆಟ್ ಒಂದೇ ಕಟ್ಟಡದೊಳಗಿನ ಯಂತ್ರಗಳ ನಡುವೆ ಇಂಥ ಪೊಟ್ಟಣಗಳನ್ನು ಸಾಗಿಸಿತು. ಊರಿಂದೂರಿಗೆ, ದೇಶದಿಂದ ದೇಶಕ್ಕೆ ದಾರಿ ತೋರಿದ ವಿಳಾಸಪದ್ಧತಿಗೆ ಐಪಿ ಎಂದು ಹೆಸರಾಯಿತು. ಹಾದಿ ಖಾಲಿಯಿದ್ದರೆ ಪೊಟ್ಟಣ ಹಾರಿಹೋಗುತ್ತದೆ. ಇಕ್ಕಟ್ಟಾದರೆ ಕಾಯುತ್ತದೆ. ತೀರ ಇಕ್ಕಟ್ಟಾದರೆ ದಾರಿಯಲ್ಲೇ ಬಿದ್ದುಹೋಗುತ್ತದೆ. ಒಟ್ಟಿನಲ್ಲಿ ಇದು ಎಷ್ಟು ಅಗ್ಗವಾಯಿತೆಂದರೆ, ಇಂದು ಜಗತ್ತಿನ ಹೊಸ ಜಾಲಗಳೆಲ್ಲ ಇದೇ ಹಾದಿಯವು.

ಇಲ್ಲಿಯೇ ತೊಡಕು. ಜಾಲದ ನಡುವು ಹೊಸದಾಯಿತು, ತುದಿಗಳು ಹಳೆಯವೇ ಉಳಿದವು. ಆಸ್ಪತ್ರೆಯ ಹಳೆಯ ಎಕ್ಸ್‌ಚೇಂಜು, ವಕೀಲರ ಕಚೇರಿಯ ಫ್ಯಾಕ್ಸು, ವಿದ್ಯುತ್ ಉಪಕೇಂದ್ರದ ರಕ್ಷಣಾ ಯಂತ್ರ, ಸ್ಟೇಶನ್ ಮಾಸ್ತರರ ಮೇಜಿನ ಟೆಲಿಫೋನು, ಇವಕ್ಕೆ ಪೊಟ್ಟಣದ ಭಾಷೆ ಬಾರದು. ತಮ್ಮ ಏಳನೆಯ ಮನೆ ತಮ್ಮ ಹೊತ್ತಿಗೆ ಬರಲಿ ಎಂದು ಅವು ಕಾದು ಕೂತಿರುತ್ತವೆ. ಅವನ್ನೆಲ್ಲ ಒಂದೇ ದಿನ ಕಿತ್ತೊಗೆಯುವುದು ಆಗದ ಮಾತು. ಆಗ ಹುಟ್ಟಿದ ಉಪಾಯವೇ ಹುಸಿತಂತಿ. ನಡುವೆ ತಂತಿಯಿಲ್ಲ; ಆದರೆ ಎರಡೂ ತುದಿಯ ಯಂತ್ರಗಳಿಗೆ ಇದೆಯೆಂದೇ ತೋರಬೇಕು. ಇಸ್ರೇಲಿನ ರ್‍ಯಾಡ್ ಕಂಪನಿಯವರು 1990ರ ದಶಕದ ಕೊನೆಗೆ ಇದನ್ನು ಬಳಕೆಗೆ ತಂದವರಲ್ಲಿ ಮುಂಚೂಣಿಯವರು. ಇದರ ಅಂತರರಾಷ್ಟ್ರೀಯ ನಿಯಮಪತ್ರಗಳು 2006 ಮತ್ತು 2007ರಲ್ಲಿ ಪ್ರಕಟವಾದವು.

ಉಪಾಯ ಕೇಳಲು ಸರಳ. ಚಿಗರಿ ಸತ್ತೂರನ್ನು ದಾಟಿ ನವಲೂರಿಗೆ ಬರುವಷ್ಟರಲ್ಲಿ ಅರ್ಥವಾಗುವಂಥದು. ನವಲೂರು ಪೇರಲಹಣ್ಣಿಗೆ ಹೆಸರಾದ ಊರು. ತೋಟಿಗರು ಹಣ್ಣನ್ನು ಒಂದೊಂದಾಗಿ ಪೇಟೆಗೆ ಕಳಿಸುವುದಿಲ್ಲ. ಬುಟ್ಟಿ ತುಂಬಿಸಿ ಕಳಿಸುತ್ತಾರೆ. ಹುಸಿತಂತಿಯ ಪೆಟ್ಟಿಗೆಯೂ ಹಾಗೆಯೇ 32 ಮನೆಗಳ ಸಾಲುಗಳನ್ನು ಎಂಟೆಂಟಾಗಿ ಕೂಡಿಸಿ 256 ಅಕ್ಷರಗಳ ಒಂದು ಬುಟ್ಟಿ ಮಾಡುತ್ತದೆ. ಮೇಲೆ ಕ್ರಮಸಂಖ್ಯೆ ಬರೆದು, ವಿಳಾಸ ಅಂಟಿಸಿ ಸಾಮಾನ್ಯ ಹಾದಿಗೆ ಬಿಡುತ್ತದೆ. ಸೆಕೆಂಡಿಗೆ ಸರಿಯಾಗಿ ಸಾವಿರ ಬುಟ್ಟಿ. ಒಳಗಿರುವುದು ಮಾತೋ ಮೌನವೋ ಎಂದು ಅದು ಮೂಸಿ ನೋಡುವುದಿಲ್ಲ. ಹುಬ್ಬಳ್ಳಿಯ ಮೂವತ್ತು ಜನರೂ ನಿದ್ದೆಹೋದ ನಡುರಾತ್ರಿಯಲ್ಲೂ ಸೆಕೆಂಡಿಗೆ ಸಾವಿರ ಬುಟ್ಟಿ ಮೌನ ಧಾರವಾಡಕ್ಕೆ ಹೋಗುತ್ತಲೇ ಇರುತ್ತದೆ. ಇದು ದುಂದಲ್ಲವೇ ಎಂದರೆ, ದುಂದೇ ಹೌದು. ಹಳೆಯ ತಂತಿಯ ಭ್ರಮೆಯನ್ನು ಉಳಿಸಲು ತೆತ್ತ ಬೆಲೆ ಅದು.

ಇಲ್ಲಿ ಒಂದು ಸಣ್ಣ ಲೆಕ್ಕ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಹುಬ್ಬಳ್ಳಿಯಿಂದ ಧಾರವಾಡದ ಇಪ್ಪತ್ತು ಕಿಲೋಮೀಟರಿಗೆ ಅದಕ್ಕೆ ಬೇಕಾದುದು 100 ಮೈಕ್ರೋಸೆಕೆಂಡು. ಎಂದರೆ ದನಿಯ ಮುಂದಿನ ಅಳತೆ ತೆಗೆಯುವ ಮೊದಲೇ ಹಿಂದಿನ ಅಳತೆ ಧಾರವಾಡ ಸೇರಿರುತ್ತದೆ. ಆದರೆ ಬುಟ್ಟಿ ತುಂಬುವುದಕ್ಕೆ ಬೇಕಾದುದು 1,000 ಮೈಕ್ರೋಸೆಕೆಂಡು, ಪ್ರಯಾಣದ ಹತ್ತುಪಟ್ಟು. ಊರಿಗೆ ಹೋಗುವ ಹೊತ್ತಿಗಿಂತ ಗಂಟುಮೂಟೆ ಕಟ್ಟುವ ಹೊತ್ತೇ ಹೆಚ್ಚಾಗುವ ನಮ್ಮ ಮನೆಗಳ ಅನುಭವ ಯಂತ್ರಗಳಿಗೂ ತಪ್ಪಿಲ್ಲ.

ಕೆರೆಯೂ ತಾಳವೂ

ರಾಯಾಪುರ, ನವನಗರಗಳು ಹಿಂದಾಗುತ್ತವೆ. ಬೈರಿದೇವರಕೊಪ್ಪ ದಾಟಿದೊಡನೆ ಉಣಕಲ್ಲ ಕೆರೆ ಕಣ್ಣುತುಂಬ ಕಾಣಬರುತ್ತದೆ. ಸಂಜೆ ಗಾಳಿಗೆ ಬಂದವರು, ಮಕ್ಕಳು, ದಂಡೆಯ ಮೇಲೆ ಮಂಡಾಳ-ಮಿರ್ಚಿ. ಒಂದು ಕಾಲಕ್ಕೆ ಹುಬ್ಬಳ್ಳಿಗೆ ನೀರುಣಿಸಿದ ಕೆರೆಯಿದು. ಮಳೆ ತನಗೆ ತಿಳಿದಂತೆ ಬರುತ್ತದೆ: ಒಮ್ಮೆ ಧೋ ಎಂದು, ಒಮ್ಮೆ ಹನಿಹನಿಯಾಗಿ, ಒಮ್ಮೆ ಇಲ್ಲವೇ ಇಲ್ಲ. ತೂಬಿನಿಂದ ಹೊರಬೀಳುವ ನೀರು ಮಾತ್ರ ಒಂದೇ ಸಮನೆ ಹರಿಯಬೇಕು. ಕೆರೆಯೆಂಬುದು ಮಳೆಯ ಚಂಚಲತೆಯನ್ನು ಮನೆಯ ನಲ್ಲಿಗೆ ಮುಟ್ಟಗೊಡದ ವ್ಯವಸ್ಥೆ.

ಹುಸಿತಂತಿಯ ಕೊನೆಯಲ್ಲಿಯೂ ಇಂಥದೊಂದು ಪುಟ್ಟ ಕೆರೆಯುಂಟು. ಸರಿಯಾಗಿ ಒಂದು ಮಿಲಿಸೆಕೆಂಡಿಗೊಂದರಂತೆ ಹೊರಟ ಬುಟ್ಟಿಗಳು ಸಾಮಾನ್ಯ ಹಾದಿಯ ಇಕ್ಕಟ್ಟಿನಲ್ಲಿ ಸಿಕ್ಕು, ಒಂದು ಬೇಗ, ಮೂರು ಒಟ್ಟಿಗೆ, ಒಂದು ತಡವಾಗಿ ಬಂದು ಸೇರುತ್ತವೆ. ಅವನ್ನೆಲ್ಲ ಕೆಲವು ಮಿಲಿಸೆಕೆಂಡುಗಳ ಕಾಲ ತಡೆದು, ಕ್ರಮಸಂಖ್ಯೆಯಂತೆ ಜೋಡಿಸಿ, ಒಂದೇ ಸಮನೆ ಹಳೆಯ ಯಂತ್ರಕ್ಕೆ ಹರಿಸಬೇಕು. ಕೆರೆ ಚಿಕ್ಕದಾದರೆ ಆಗಾಗ ಬತ್ತುತ್ತದೆ. ದೊಡ್ಡದಾದರೆ ಮಾತು ತಡವಾಗುತ್ತದೆ, ಆಡಿದವನಿಗೆ ತನ್ನ ದನಿಯೇ ಮರುದನಿಯಾಗಿ ಕೇಳತೊಡಗುತ್ತದೆ. ಬಾರದೆಯೇ ಹೋದ ಬುಟ್ಟಿಯ ಜಾಗದಲ್ಲಿ ಯಂತ್ರ ಬರೀ ಒಂದುಗಳನ್ನು ತುಂಬಿ ಮುಂದೆ ಸಾಗಿಸುತ್ತದೆ. ಕಾಯುವುದಕ್ಕೆ ಹೊತ್ತಿಲ್ಲ. ಹಿಂದಿನ ತಪ್ಪಿಗಾಗಿ ಮುಂದಿನ ಮಾತನ್ನು ನಿಲ್ಲಿಸುವಂತಿಲ್ಲ.

ಇಷ್ಟಾದರೂ ದೊಡ್ಡ ತೊಡಕು ಉಳಿದೇ ಇದೆ. ತೂಬನ್ನು ಎಷ್ಟು ತೆರೆಯಬೇಕು?

ಪ್ರಶ್ನೆಯನ್ನು ಹುಬ್ಬಳ್ಳಿ-ಧಾರವಾಡದವರಿಗೆ ಬೇರೆ ರೀತಿಯಲ್ಲಿ ಕೇಳಬಹುದು. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಗಂಗೂಬಾಯಿ ಹಾನಗಲ್ಲರ ಮನೆ. ಧಾರವಾಡದಲ್ಲಿ ಮಲ್ಲಿಕಾರ್ಜುನ ಮನಸೂರರ ‘ಮೃತ್ಯುಂಜಯ’. ಇಂಥ ಊರಿನಲ್ಲಿ ಲಯವೆಂದರೇನೆಂದು ವಿವರಿಸಬೇಕಾದುದಿಲ್ಲ. ಗಾಯಕಿ ಹುಬ್ಬಳ್ಳಿಯಲ್ಲಿಯೂ ತಬಲಾದವನು ಧಾರವಾಡದಲ್ಲಿಯೂ ಕೂತಿದ್ದಾರೆಂದು ಊಹಿಸೋಣ. ತಬಲಾದವನ ಕೈಗೆ ಅವಳ ಹಾಡು ಬುಟ್ಟಿಗಳಲ್ಲಿ ತುಂಡುತುಂಡಾಗಿ ತಲುಪುತ್ತದೆ. ಸ್ವರಗಳೆಲ್ಲ ಬಂದಿವೆ, ಕ್ರಮವೂ ಸರಿಯಾಗಿದೆ. ಅವಳು ಯಾವ ಲಯದಲ್ಲಿ ಹಾಡಿದಳೆಂಬುದು ಮಾತ್ರ ಬುಟ್ಟಿಯಲ್ಲಿ ಇಲ್ಲ. ಅವನು ತನ್ನ ಅಂದಾಜಿನ ಮೇಲೆ ಠೇಕಾ ಹಿಡಿಯುತ್ತಾನೆ. ಕೂದಲೆಳೆಯಷ್ಟು ಚುರುಕಾದರೂ ಸ್ವರಗಳು ಮುಗಿದು ಬರಿಗೈಯಾಗುತ್ತಾನೆ. ಕೂದಲೆಳೆಯಷ್ಟು ನಿಧಾನವಾದರೂ ಸ್ವರಗಳು ರಾಶಿಬಿದ್ದು ಕೆಲವನ್ನು ಬಿಸಾಡಬೇಕಾಗುತ್ತದೆ.

ಕೂದಲೆಳೆಯೆಂದರೆ ಎಷ್ಟೆಂದು ಲೆಕ್ಕವೂ ಉಂಟು. ಇ-ಒನ್ ಯಂತ್ರಗಳ ಸ್ಫಟಿಕ ಗಡಿಯಾರಕ್ಕೆ ಹತ್ತು ಲಕ್ಷದಲ್ಲಿ 50 ಭಾಗದ ತಪ್ಪು ಕ್ಷಮ್ಯ. ಕೈಗಡಿಯಾರದಲ್ಲಾದರೆ ಅದು ದಿನಕ್ಕೆ ನಾಲ್ಕು ಸೆಕೆಂಡು; ಮದುವೆಯ ಮುಹೂರ್ತಕ್ಕೂ ಅದು ಅಡ್ಡಬಾರದು. ಇಲ್ಲಿ ಅಷ್ಟು ತಪ್ಪಿದರೆ ಸೆಕೆಂಡಿಗೆ ನೂರೆರಡು ಅಂಕಿಗಳ ವ್ಯತ್ಯಾಸವಾಗಿ, ಎರಡೂವರೆ ಸೆಕೆಂಡಿಗೊಮ್ಮೆ ಒಂದು ಇಡೀ ಸಾಲು ಜಾರಿಹೋಗುತ್ತದೆ. ಮಾತಿನಲ್ಲಿ ಅದು ಟಕ್ ಎಂಬ ಸದ್ದು. ಫ್ಯಾಕ್ಸಿನಲ್ಲಿ ಕಾಣೆಯಾದ ಒಂದು ಗೆರೆ, ಅಥವಾ ಅರ್ಧಕ್ಕೆ ನಿಂತುಹೋದ ಕಾಗದ. ಗುಪ್ತಲಿಪಿಯಲ್ಲಿ ಸಾಗುವ ಸಂದೇಶವಾದರೆ ಪೂರ್ತಿ ಅರ್ಥಹೀನ. ಹಳೆಯ ಜಾಲದ ಪರಮಾಣು ಗಡಿಯಾರಗಳ ಶಿಸ್ತಿನಲ್ಲಿ ಎರಡು ದೇಶಗಳ ನಡುವೆ ಇಂಥ ಜಾರುವಿಕೆ ಎಪ್ಪತ್ತು ದಿನಕ್ಕೊಮ್ಮೆ ಆದರೆ ಹೆಚ್ಚು! ಆ ಜಾಲದಲ್ಲಿ ಲಯ ತಂತಿಯೊಡನೆ ತಾನಾಗಿಯೇ ಬರುತ್ತಿತ್ತು, ಯಾರೂ ಬೇಡದೆ, ಯಾರೂ ಬೆಲೆ ಕೊಡದೆ. ತಂತಿಯನ್ನು ಕಿತ್ತ ಮೇಲೆಯೇ ತಿಳಿದುದು, ಅದು ಮಾತಿನೊಡನೆ ಹೊತ್ತನ್ನೂ ಹೊತ್ತು ತರುತ್ತಿತ್ತೆಂದು.

ಇದಕ್ಕೆ ಮದ್ದು ಹುಡುಕಿದವರು ಹಲವು ದಾರಿ ಹಿಡಿದರು. ಕೆರೆಯ ಮಟ್ಟವನ್ನೇ ಗಡಿಯಾರ ಮಾಡಿಕೊಂಡುದು ಒಂದು: ಮಟ್ಟ ಏರುತ್ತಿದ್ದರೆ ತೂಬನ್ನು ತುಸು ಸಡಿಲಿಸು, ಇಳಿಯುತ್ತಿದ್ದರೆ ತುಸು ಬಿಗಿ ಮಾಡು. ಇದು ಜಾಣತನದ ಉಪಾಯ. ಆದರೆ ಹಾದಿಯಲ್ಲಿ ಸಂತೆಯ ದಿನದ ಇಕ್ಕಟ್ಟಾದಾಗ ಮಟ್ಟವೇ ಮೋಸಮಾಡುತ್ತದೆ. ಈಥರ್‌ನೆಟ್ಟಿನ ಎಳೆಯಲ್ಲಿಯೇ ಲಯವನ್ನು ಒಂದು ಕೊಂಡಿಯಿಂದ ಇನ್ನೊಂದಕ್ಕೆ ದಾಟಿಸುವುದು ಎರಡನೆಯ ದಾರಿ. ಅಲ್ಲಿ ನಡುವಿನ ಪ್ರತಿಯೊಂದು ಯಂತ್ರವೂ ಲಯಬಲ್ಲದ್ದಾಗಿರಬೇಕು. ಒಂದು ಕೊಂಡಿ ಬೇತಾಳವಾದರೂ ಮುಂದಿನದೆಲ್ಲ ವ್ಯರ್ಥ. ‘ಈಗ ನಿನ್ನಲ್ಲಿ ಎಷ್ಟು ಗಂಟೆ?’ ಎಂದು ಎರಡು ಯಂತ್ರಗಳು ಕಾಗದ ಬರೆದುಕೊಳ್ಳುತ್ತ, ದಾರಿಯಲ್ಲಾದ ತಡವನ್ನು ಕಳೆದು ಗಡಿಯಾರ ಸರಿಮಾಡಿಕೊಳ್ಳುವ ಪದ್ಧತಿ ಮತ್ತೊಂದು. ಅದರ ನಿಯಮಗಳು 2002ರಲ್ಲಿ ಬಂದು 2008ರಲ್ಲಿ ತಿದ್ದುಪಡಿಯಾದವು. ಆಕಾಶದ ಉಪಗ್ರಹಗಳನ್ನೇ ಗಂಟೆ ಕೇಳುವವರೂ ಉಂಟು. ಧಾರವಾಡದ ಮಾತು ಹುಬ್ಬಳ್ಳಿಗೆ ತಾಳತಪ್ಪದೆ ಮುಟ್ಟಲು ಇಪ್ಪತ್ತು ಸಾವಿರ ಕಿಲೋಮೀಟರು ಎತ್ತರದ ಸಾಕ್ಷಿ ಬೇಕಾಯಿತೆಂದರೆ ಹಿಂದಿನವರು ನಕ್ಕಾರು.

ಉಣಕಲ್ಲ ದಾಟಿದರೆ ವಿದ್ಯಾನಗರ. ಎಡಬಲಗಳಲ್ಲಿ ಕಾಲೇಜುಗಳು, ಆಸ್ಪತ್ರೆ, ಬಾಡಿಗೆ ಕೋಣೆಗಳಿಂದ ಬಸ್ಸಿಗೆ ಓಡಿಬರುವ ವಿದ್ಯಾರ್ಥಿಗಳು. ಈ ಊರಿನಲ್ಲಿ 1950ರಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆಯವರು ಮದ್ರಾಸಿನ ಐಐಟಿಯಲ್ಲಿ ಓದಿ, ಕೆನಡಾದಲ್ಲಿ ಡಾಕ್ಟರೇಟ್ ಪಡೆದು, ಅಮೆರಿಕೆಯಲ್ಲಿ 1990ರ ಸುಮಾರಿಗೆ ಕ್ಯಾಸ್ಕೇಡ್ ಎಂಬ ಕಂಪನಿಯನ್ನು ಕಟ್ಟಿದರು. ಟೆಲಿಫೋನ್ ಕಂಪನಿಗಳ ಜಾಲದಲ್ಲಿ ಪೊಟ್ಟಣಗಳನ್ನು ಹಾಯಿಸುವ ಫ್ರೇಮ್ ರಿಲೇ, ಎಟಿಎಂ ಯಂತ್ರಗಳನ್ನು ಅದು ತಯಾರಿಸುತ್ತಿತ್ತು. ಈ ಎಟಿಎಂ ನೋಟು ಕೊಡುವ ಪೆಟ್ಟಿಗೆಯಲ್ಲ. 53 ಅಕ್ಷರಗಳ ಪುಟ್ಟ ಪೊಟ್ಟಣಗಳ ಜಾಲ. ಸರ್ಕಿಟ್ಟನ್ನು ಪೊಟ್ಟಣದಲ್ಲಿ ಅಡಗಿಸಿ ಸಾಗಿಸುವ ವಿದ್ಯೆಯನ್ನು ಈಥರ್‌ನೆಟ್ಟಿಗಿಂತ ಮೊದಲು ಕಲಿತದ್ದು ಅಂಥ ಜಾಲಗಳೇ. 1997ರಲ್ಲಿ ಆ ಕಂಪನಿ ಅಸೆಂಡ್ ಎಂಬ ಬೇರೊಂದು ಕಂಪನಿಯ ಪಾಲಾಯಿತು. ಮರುವರ್ಷ ಅವರು ಬೆಳಕಿನ ಜಾಲಗಳಿಗಾಗಿ ಸಿಕಮೋರ್ ಎಂಬ ಇನ್ನೊಂದನ್ನು ಸ್ಥಾಪಿಸಿದರು. ಜಗತ್ತಿನ ಮಾತಿನ ದಾರಿಯನ್ನು ಬದಲಿಸಿದವರಲ್ಲಿ ಹುಬ್ಬಳ್ಳಿಯವನೊಬ್ಬನಿದ್ದನೆಂಬುದನ್ನು ಚೆನ್ನಮ್ಮ ಸರ್ಕಲ್ಲಿನಲ್ಲಿ ಗಿರಮಿಟ್ಟು ತಿನ್ನುತ್ತ ನಿಂತವರು ಒಮ್ಮೆ ನೆನೆದರೆ ತಪ್ಪೇನೂ ಇಲ್ಲ.

ಒಂದೇ ಪಂಕ್ತಿಯ ಟೆಲಿಫೋನು

ಹುಬ್ಬಳ್ಳಿ ರೈಲಿನ ಊರು. 2003ರ ಏಪ್ರಿಲಿನಲ್ಲಿ ಕಾರ್ಯಾರಂಭ ಮಾಡಿದ ನೈಋತ್ಯ ರೈಲ್ವೆಯ ಕೇಂದ್ರಕಚೇರಿ ಇಲ್ಲಿದೆ. ಹುಬ್ಬಳ್ಳಿ ವಿಭಾಗದ ಹಳಿಗಳು ಪಶ್ಚಿಮಕ್ಕೆ ಅಳ್ನಾವರ, ಲೋಂಡಾ, ಕ್ಯಾಸಲ್‌ರಾಕ್‌ಗಳನ್ನು ಹಾಯ್ದು, 37 ಅಡಿಗೆ ಒಂದಡಿ ಇಳಿಯುವ ಘಟ್ಟವನ್ನು ಇಳಿದು ವಾಸ್ಕೋದವರೆಗೆ ಹೋಗುತ್ತವೆ. ಈ ಹಾದಿಯ ಗಾಡಿಗಳನ್ನೆಲ್ಲ ನಡೆಸುವವನು ಒಬ್ಬ ಕಂಟ್ರೋಲರ್. ಅವನು ಯಾವ ಗಾಡಿಯನ್ನೂ ಕಣ್ಣಿನಿಂದ ಕಾಣುವುದಿಲ್ಲ; ಕಿವಿಯಿಂದ ಕಾಣುತ್ತಾನೆ.

ಕಂಟ್ರೋಲ್ ಟೆಲಿಫೋನಿನ ಸಂಪ್ರದಾಯ ಮನೆಯ ಟೆಲಿಫೋನಿನಂಥದಲ್ಲ. ಅದು ಒಂದೇ ಪಂಕ್ತಿಯ ಊಟ. ಒಂದೇ ತಂತಿಯ ಮೇಲೆ ಕಂಟ್ರೋಲರನೂ ಎಲ್ಲ ಸ್ಟೇಶನ್ ಮಾಸ್ತರರೂ ಕೂತಿರುತ್ತಾರೆ. ಕಂಟ್ರೋಲರ್ ತನಗೆ ಬೇಕಾದ ಸ್ಟೇಶನ್ನಿನ ಗಂಟೆಯನ್ನಷ್ಟೇ ಬಾರಿಸಬಲ್ಲ. ಮಾಸ್ತರರಾದರೋ ಕಿವಿಗೆ ಹಿಡಿದು ಊರಿನ ಹೆಸರು ಹೇಳಿದರೆ ಸಾಕು, ಕಂಟ್ರೋಲರನಿಗೆ ಕೇಳುತ್ತದೆ. ಬೇರೆಯವರ ಮಾತೂ ಇವರಿಗೆ ಕೇಳುತ್ತದೆ. ಮಳೆಗಾಲದ ಇರುಳು ಘಟ್ಟದ ಅಂಚಿನ ಸ್ಟೇಶನ್ನಿನಲ್ಲಿ ಒಬ್ಬನೇ ಕೂತ ಮಾಸ್ತರನಿಗೆ ಹಿಂದಿನ ಸ್ಟೇಶನ್ನಿನಲ್ಲಿ ಏನು ನಡೆದಿದೆಯೆಂದು ಯಾರೂ ಹೇಳದೆಯೇ ತಿಳಿಯುತ್ತಿದ್ದುದು ಹೀಗೆ. ಒಂದು ಕಾಲಕ್ಕೆ ನಡುದಾರಿಯಲ್ಲಿ ನಿಂತುಹೋದ ಗಾಡಿಯ ಗಾರ್ಡನೂ ಹಳಿಯ ಮಗ್ಗುಲಿನ ಕಂಬಕ್ಕೆ ಕೈಟೆಲಿಫೋನನ್ನು ಜೋಡಿಸಿ ಈ ಪಂಕ್ತಿಯಲ್ಲಿ ಕೂಡಬಹುದಾಗಿತ್ತು.

ಕಂಬದ ತಂತಿ ಹೋಗಿ ನೆಲದ ತಾಮ್ರ ಬಂದಿತು. ಅದರ ಜೊತೆಗೆ ಗಾಜಿನ ಎಳೆ ಬಂದಿತು. 2000ದಲ್ಲಿ ಸ್ಥಾಪನೆಯಾದ ರೈಲ್‌ಟೆಲ್ ಸಂಸ್ಥೆ ದೇಶದ ಹಳಿಗಳ ಗುಂಟ ಅದನ್ನು ಹಾಸಿತು. ಆಗ ಈ ಪಂಕ್ತಿಯೂ ಇ-ಒನ್ನಿನ ಒಂದು ಮನೆಯನ್ನು ಹೊಕ್ಕು, ಸ್ಟೇಶನ್ನಿನಿಂದ ಸ್ಟೇಶನ್ನಿಗೆ ಇಳಿದು ಏರಿ ಸಾಗತೊಡಗಿತು. ಈಗ ರೈಲ್ವೆಯ ದೂರಸಂಪರ್ಕವೂ ಐಪಿಯ ಕಡೆಗೆ ಹೊರಳುತ್ತಿದೆ. ಟೆಲಿಫೋನನ್ನೇ ಬದಲಿಸಿ ಎಲ್ಲವನ್ನೂ ಹೊಸ ಪದ್ಧತಿಗೆ ತರುವುದು ಒಂದು ದಾರಿ. ಹಳೆಯ ಪಂಕ್ತಿಯನ್ನು ಎಬ್ಬಿಸದೆ, ಅದರಡಿಯ ನೆಲವನ್ನಷ್ಟೇ ಹುಸಿತಂತಿಗೆ ಬದಲಿಸುವುದು ಇನ್ನೊಂದು.

ತರುಣ ಇಂಜಿನಿಯರುಗಳಿಗೆ ಎರಡನೆಯದು ಅಂಜುಬುರುಕತನವಾಗಿ ತೋರುವುದುಂಟು. ಸತ್ತ ಪದ್ಧತಿಯ ಹೆಣವನ್ನು ಹೊಸ ಗಾಡಿಯಲ್ಲಿ ಹೊತ್ತುಕೊಂಡು ಹೋಗುವುದೇಕೆ ಎಂದು ಅವರ ವಾದ. ವಾದದಲ್ಲಿ ಹುರುಳಿದೆ. ಹಳೆಯ ಯಂತ್ರದ ಬಿಡಿಭಾಗಗಳು ಸಿಕ್ಕುವುದು ದುರ್ಲಭವಾಗಿದೆ, ಅವನ್ನು ರಿಪೇರಿ ಮಾಡಬಲ್ಲವರು ಅದಕ್ಕಿಂತ ದುರ್ಲಭ. ಆದರೂ ಮೌನದ ವಿಷಯವೊಂದನ್ನು ಅವರು ಮರೆಯುತ್ತಾರೆ. ಹೊಸ ಟೆಲಿಫೋನು ಮಿತವ್ಯಯಿ. ಯಾರೂ ಮಾತಾಡದಾಗ ಪೊಟ್ಟಣ ಕಳಿಸುವುದನ್ನೇ ಅದು ನಿಲ್ಲಿಸಬಲ್ಲದು. ಆಗ ಕೇಳುವವನಿಗೆ ತಂತಿ ಸತ್ತಿತೆಂದು ಭಾಸವಾಗುತ್ತದೆ. ಇದನ್ನು ತಪ್ಪಿಸಲು ಯಂತ್ರ ಕಿವಿಯ ಬಳಿಯೇ ಹುಸಿ ಗುಂಯ್‌ಗುಟ್ಟುವಿಕೆಯನ್ನು ಹುಟ್ಟಿಸಿ ಕೇಳಿಸುತ್ತದೆ! ಮನೆಯ ಹರಟೆಗೆ ಇದು ಸಾಕು. ನಡುರಾತ್ರಿ ಕಂಟ್ರೋಲರನ ಕಿವಿಗೆ ಬೇಕಾದುದು ನಿಜವಾದ ಮೌನ, ಆ ತುದಿಯಿಂದಲೇ ಹೊರಟುಬಂದ ಮೌನ. ಸೆಕೆಂಡಿಗೆ ಸಾವಿರ ಬುಟ್ಟಿ ಮೌನವನ್ನು ಸಾಗಿಸುವ ಹುಸಿತಂತಿ ಈ ಒಂದು ವಿಷಯದಲ್ಲಿ ಸತ್ಯವಂತ. ಹೊಸದು ಪರೀಕ್ಷೆಯಲ್ಲಿ ಗೆದ್ದು ನಂಬಿಕೆ ಗಳಿಸುವ ತನಕ ಹಳೆಯದನ್ನು ಜೀವಂತವಾಗಿಡುವುದೇ ವಿವೇಕವೆಂದು ತೋರುತ್ತದೆ.

ಊರಿನ ಸಾಮಾನ್ಯ ಟೆಲಿಫೋನಿಗೆ ಇಷ್ಟು ಜೋಕೆ ಸಿಗಲಿಲ್ಲ. ದೂರವಾಣಿ ಇಲಾಖೆಯ ಸೇವೆಗಳು 2000ದ ಅಕ್ಟೋಬರಿನಲ್ಲಿ ಬಿಎಸ್‌ಎನ್‌ಎಲ್ ಎಂಬ ನಿಗಮಕ್ಕೆ ಹೋದವು. 2013ರ ಜುಲೈಯಲ್ಲಿ ತಂತಿ ಸಂದೇಶ ನಿಂತಿತು. ಮೊಬೈಲು ಮನೆಮನೆಯ ಟೆಲಿಫೋನನ್ನು ಮೂಲೆಗೆ ತಳ್ಳಿತು. ಹಳೆಯ ಎಕ್ಸ್‌ಚೇಂಜುಗಳನ್ನು ಒಂದೊಂದಾಗಿ ಐಪಿಗೆ ಬದಲಿಸುವ ಕೆಲಸ ನಡೆದಿರುವಾಗಲೇ, 2020ರ ಜನವರಿ ಕೊನೆಯ ಒಂದೇ ದಿನ, ದೇಶಾದ್ಯಂತ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂನಿವೃತ್ತಿ ಪಡೆದು ಹೊರನಡೆದರು. ಯಾವ ಕೇಬಲ್ಲಿನ ಯಾವ ಜೋಡಿ ಯಾವ ಓಣಿಗೆ ಹೋಗುತ್ತದೆಂಬುದು ಅವರಲ್ಲಿ ಅನೇಕರ ತಲೆಯಲ್ಲಿತ್ತು, ಕಾಗದದಲ್ಲಿ ಇರಲಿಲ್ಲ. ಎಲ್ಲಿಯ ಗಡಿಯಾರ ಎಲ್ಲಿಂದ ಲಯ ಪಡೆಯುತ್ತದೆಂಬುದೂ ಅಷ್ಟೇ. ಹಳೆಯ ಟೆಲಿಫೋನಿಗೆ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ತಾಮ್ರದ ತಂತಿಯ ಮೂಲಕ ಬರುತ್ತಿತ್ತು. ಧಾರವಾಡದ ಜುಲೈ ತಿಂಗಳ ಗಾಳಿಮಳೆಯಲ್ಲಿ ಊರೆಲ್ಲ ಕತ್ತಲಾದರೂ ಅದರಲ್ಲಿ ಗುಂಯ್ ಎಂಬ ಸದ್ದು ಇರುತ್ತಿತ್ತು. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ವಿದ್ಯುತ್ತು ಬರುವುದಿಲ್ಲ. ಮನೆಯ ದೀಪ ಹೋದರೆ, ಮನೆಯಲ್ಲಿ ಬೇರೆ ಬ್ಯಾಟರಿ ಇಲ್ಲದಿದ್ದರೆ, ಟೆಲಿಫೋನೂ ಹೋಗುತ್ತದೆ. ಮುದುಕರಿಬ್ಬರೇ ಇರುವ ಮನೆಗಳು ಧಾರವಾಡದಲ್ಲಿ ಕಡಿಮೆಯಿಲ್ಲ. ಅವರ ಪಾಲಿಗೆ ಇದು ಸಣ್ಣ ಮಾತಲ್ಲ.

ಪಯಣ ಮುಗಿಯುವುದು ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಇಲ್ಲಿಯ ಪ್ಲಾಟ್‌ಫಾರ್ಮಿನ ಉದ್ದ 1,507 ಮೀಟರು. ಜಗತ್ತಿನಲ್ಲಿಯೇ ಅತಿ ಉದ್ದವಾದುದೆಂದು ಹೆಸರು ಪಡೆದಿದೆ. ನೋಡಬಂದವರು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ಬೆವರೊರೆಸಿಕೊಂಡು, ಚಹಾ ಕುಡಿಯುತ್ತಾರೆ. ಒಂದು ತುದಿಯಲ್ಲಿ ನಿಂತು ಕೂಗಿದರೆ ಆ ದನಿ ಗಾಳಿಯಲ್ಲಿ ಇನ್ನೊಂದು ತುದಿಯನ್ನು ಮುಟ್ಟಲು, ಮುಟ್ಟುವುದೇ ಆದರೆ, ನಾಲ್ಕು ಸೆಕೆಂಡಿಗಿಂತ ಹೆಚ್ಚು ಬೇಕು. ಅಷ್ಟು ಹೊತ್ತಿನಲ್ಲಿ ಹುಸಿತಂತಿಯ ನಾಲ್ಕು ಸಾವಿರ ಬುಟ್ಟಿಗಳು ಧಾರವಾಡವನ್ನು ಮುಟ್ಟಿರುತ್ತವೆ. ಚಹಾದವನು ಗ್ಲಾಸು ತೊಳೆಯುತ್ತಾನೆ. ಹಮಾಲರು ಎದ್ದು ರುಮಾಲು ಸುತ್ತಿಕೊಳ್ಳುತ್ತಾರೆ. ಒಳಗೆ ಮೇಜಿನ ಮೇಲಿನ ಟೆಲಿಫೋನು ಬಾರಿಸುತ್ತದೆ. ಕಿವಿಗೆ ಹಿಡಿದವರು ‘ಹುಬ್ಬಳ್ಳಿ’ ಎನ್ನುತ್ತಾರೆ. ಧಾರವಾಡದಿಂದ ಗಾಡಿ ಬಿಟ್ಟಿದೆ.